ಪಾತಾಳ ಗುಹೆಯ ವಾಸನೆ

ಟಿಕೆಟ್ ಕೌಂಟರಿನ ಹೊಸ ಹುಡುಗಿ ಆಶ್ರಿತಾ ಪಾತಾಳ ಗುಹೆಯಿಂದ ಹೊರಗೆ ಬಂದವಳು ಮೂಗು ಸಿಂಡರಿಸಿದಳು. ಅಷ್ಟೇ ಆದದ್ದು. ಕಿರುಚಿದ್ದರೆ, ಹೆದರಿಸಲೆಂದೇ ಇರುವ ಆ ಗುಹೆಯನ್ನು ನೋಡಿಕೊಳ್ಳುವ ಕ್ಲಾರೆನ್ಸನಿಗೆ ಸಂತೋಷವಾಗುತ್ತಿತ್ತು. ಅತ್ತಿದ್ದರೆ ಓಡಿಹೋಗಿ ಚಾ ತಂದು ಕೊಡುತ್ತಿದ್ದ. ಆದರೆ ಮೂಗು ಸಿಂಡರಿಸುವವರಿಗೆ ಏನು ಕೊಡಬೇಕೆಂದು ಅವನಿಗೆ ತಿಳಿದಿರಲಿಲ್ಲ.

"ಹೇಗಿತ್ತು ಮಗಾ?"

"ಸಖತ್ತಾಗಿದೆ ಅಂಕಲ್, ಭಯ ಆಯ್ತು. ಆದ್ರೆ ಒಳಗಡೆ ಮೀನು ವಾಸ್ನೆ ಬರ್ತಿದೆ."

ಆಶ್ರಿತಾ ತುಮಕೂರಿನವಳು. ಮಣಿಪಾಲದಲ್ಲಿ ಓದುತ್ತ, ರಜೆಯ ಖರ್ಚಿಗೆಂದು ಕಾಪುವಿನ ಈ ಕಡಲಸಿರಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿ ಎರಡು ದಿನವಾಗಿತ್ತು. ಅವಳು ಹೇಳಿದ್ದನ್ನು ಹೇಳಿ ಕೌಂಟರಿಗೆ ಹೋದಳು. ಕ್ಲಾರೆನ್ಸ್ ಮಾತ್ರ ನಿಂತಲ್ಲೇ ನಿಂತ. ಇವತ್ತಾದರೂ ಅವಳು ಸುಮ್ಮನಿರಬಾರದಿತ್ತೇ?

ಪಾತಾಳ ಗುಹೆ ಕ್ಲಾರೆನ್ಸ್ ತನ್ನ ಕೈಯಾರೆ ಕಟ್ಟಿದ್ದು. ಇಪ್ಪತ್ತೇಳು ವರ್ಷಗಳ ಹಿಂದೆ ಪಾರ್ಕಿನ ಹಳೆಯ ಧಣಿಗಳು "ಏನಾದರೂ ಹೊಸತು ಮಾಡು" ಎಂದಾಗ, ಅವನು ಹರಿದ ಟ್ರಾಲ್ ಬಲೆಗಳಿಂದ ರಾಕ್ಷಸರ ಕೂದಲು ಮಾಡಿದ, ಸೈಕಲ್ಲಿನ ರಿಫ್ಲೆಕ್ಟರುಗಳಿಂದ ಕಣ್ಣು ಮಾಡಿದ, ತೆಂಗಿನ ಗೆರಟೆ ಕೆತ್ತಿ ಹಲ್ಲು ಕೂರಿಸಿದ. ಮಲ್ಪೆಯ ಹಳೆಯ ಬೋಟೊಂದರಲ್ಲಿ ಬಲೆ ಎಳೆಯುತ್ತಿದ್ದ ವಿಂಚು ಗಾಡಿಗಳನ್ನು ಹಳಿಯ ಮೇಲೆ ಎಳೆಯುತ್ತಿತ್ತು. ಮೂರನೆಯ ತಿರುವಿನಲ್ಲಿ ಐಸಿನ ಪೆಟ್ಟಿಗೆಯ ಹಿಂದೆ ಫ್ಯಾನು ತಿರುಗಿ, ಕುತ್ತಿಗೆಗೆ ತಣ್ಣನೆಯ ಉಸಿರು ಬಿದ್ದ ಹಾಗಾಗುತ್ತಿತ್ತು. ನಾಲ್ಕನೆಯ ತಿರುವಿನಲ್ಲಿ ದೊಡ್ಡಕ್ಕ. ಹತ್ತಡಿ ಎತ್ತರದ ರಾಕ್ಷಸಿ. ಸೈಕಲ್ಲಿನ ಬ್ರೇಕ್ ವಯರಿನಿಂದ ಅವಳ ಕೈ ನಿಧಾನವಾಗಿ ಕೆಳಗಿಳಿದು, ಕೂತವರ ತಲೆಗೂದಲನ್ನು ಸವರಿ, ಮೇಲೆ ಹೋಗುತ್ತಿತ್ತು. ಕ್ಲಾರೆನ್ಸ್ ಹೆಚ್ಚು ಓದಿದವನಲ್ಲ, ಜಂಬದವನೂ ಅಲ್ಲ. ಆದರೆ ದೊಡ್ಡಕ್ಕನ ವಿಷಯ ಬಂದರೆ ಅವನ ಎದೆ ಅಂಗಿಯ ಗುಂಡಿಗಳಿಗೆ ತೊಂದರೆ ಕೊಡುತ್ತಿತ್ತು.

ಪಾರ್ಕಿನ ಉಳಿದ ಆಟಗಳೆಲ್ಲ ಒಂದೊಂದಾಗಿ ಹೋಗಿದ್ದವು. ಮರದ ಜೈಂಟ್ ವೀಲ್ ಹೋಗಿ ಗಾಳಿ ತುಂಬಿದ ಪ್ಲಾಸ್ಟಿಕ್ ಕೋಟೆ ಬಂತು. ಹೆಬ್ಬಾವಿನ ರೈಲು ಹೋಗಿ, ಗೋಡೆಗೆ ಎರಡು ರೆಕ್ಕೆ ಬರೆದ ಸೆಲ್ಫಿ ಜಾಗ ಬಂತು. ಅಂಥದೇ ಕೋಟೆ, ಅಂಥದೇ ರೆಕ್ಕೆ ಕಾರ್ಕಳದಲ್ಲೂ ಉಂಟು, ಮಂಗಳೂರಿನಲ್ಲೂ ಉಂಟು. ಎಲ್ಲ ಒಂದೇ ಕ್ಯಾಟಲಾಗಿನ ಮಕ್ಕಳು.

ಹಳೆಯ ಧಣಿಗಳು ಕಳೆದ ವರ್ಷ ತೀರಿಕೊಂಡಿದ್ದರು. ಅವರ ತಂಗಿಯ ಮಗ ಡೆನ್ವರ್ ದುಬೈಯಿಂದ ಬಂದು ಪಾರ್ಕನ್ನು ವಹಿಸಿಕೊಂಡಿದ್ದ. ಇವತ್ತು ನಾಲ್ಕು ಗಂಟೆಗೆ ಬಂದು, ಪಾತಾಳ ಗುಹೆಯಲ್ಲಿ ಒಂದು ಸುತ್ತು ಹೋಗಿ, ಅದು ಇರಬೇಕೋ ಬೇಡವೋ ಎಂದು ತೀರ್ಮಾನಿಸುವವನಿದ್ದ. ಬೇಡವಾದರೆ ಆ ಜಾಗಕ್ಕೆ ಕೃತಕ ಹಿಮದ ಸ್ನೋ ರೂಮ್ ಬರುತ್ತದೆಂದು ಆಗಲೇ ಸುದ್ದಿ.

ಕ್ಲಾರೆನ್ಸ್ ಗುಹೆಯೊಳಗೆ ಹೋಗಿ ಉಸಿರೆಳೆದ. ಏನೂ ಇಲ್ಲ. ಮೊಣಕಾಲೂರಿ ಎಳೆದ. ಏನೂ ಇಲ್ಲ. ಎಲೆಕ್ಟ್ರಿಷಿಯನ್ ಪ್ರವೀಣನನ್ನು ಕರೆದ.

"ಮೀನಿನ ವಾಸನೆಯಾ?" ಮಲ್ಪೆಯ ಪ್ರವೀಣ್ ಮೂಗನ್ನು ನಾಲ್ಕು ದಿಕ್ಕಿಗೂ ತಿರುಗಿಸಿದ. "ಎಲ್ಲಿ ಉಂಟಣ್ಣ? ಇದು ಬರೀ ಗಾಳಿಯ ವಾಸನೆ."

ಗುಡಿಸುವ ಗುಣವತಿ ಪೊರಕೆ ಊರಿ ನಿಂತು ನಿರ್ಧಾರವಾಗಿ ಹೇಳಿದಳು: "ಆ ಹುಡುಗಿಗೆ ಶೀತ ಆಗಿರ್ಬೇಕು ಕ್ಲಾರೆನ್ಸಣ್ಣ. ನಮ್ಮ ಮನೆಯಲ್ಲಿ ಬರುವ ವಾಸನೆಯೇ ಇಲ್ಲಿಯೂ ಬರುವುದು."

ಇದರಿಂದ ಕ್ಲಾರೆನ್ಸನಿಗೆ ಸಮಾಧಾನವಾಗಲಿಲ್ಲ. ಮೂವರೂ ದಿನಾ ಮೀನು ತಿನ್ನುವವರೇ. ಮೀನು ತಿನ್ನದ ಮೂಗೊಂದು ಬೇಕು. ಅವನು ಕ್ಯಾಂಟೀನಿಗೆ ಓಡಿದ. ಸರ್ವೋತ್ತಮ ಭಟ್ಟರು ಗೋಳಿಬಜೆ ಕರಿಯುತ್ತಿದ್ದರು.

"ಭಟ್ಟರೇ, ಸತ್ಯ ಹೇಳಿ. ನನ್ನ ಗುಹೆಯಲ್ಲಿ ಮೀನಿನ ವಾಸನೆ ಉಂಟಾ?"

ಭಟ್ಟರ ಕೈಯ ಜಾಲರಿ ಎಣ್ಣೆಯ ಮೇಲೆ ಹಾಗೆಯೇ ನಿಂತಿತು. ಊರಿನ ಕ್ರೈಸ್ತರನ್ನು ಗೌರವದಿಂದ ಕರೆಯುವಂತೆ ಅವನನ್ನು ಅವರು ಪೊರ್ಬುಗಳೆಂದೇ ಕರೆಯುವುದು. "ಅಯ್ಯೋ ಪೊರ್ಬುಗಳೇ, ಇವತ್ತು ಗೊತ್ತಾಯಿತಾ ನಿಮಗೆ? ಇಪ್ಪತ್ತು ವರ್ಷದಿಂದ ಆ ಬಾಗಿಲಿನೆದುರು ಉಸಿರು ಕಟ್ಟಿಕೊಂಡೇ ನಡೆಯುವುದು ನಾನು."

"ಹೇಳ್ಬಾರ್ದಿತ್ತಾ ಮಾರಾಯ್ರೆ!"

"ಹೇಗೆ ಹೇಳುವುದು? ನೀವು ಅಷ್ಟು ಪ್ರೀತಿಯಿಂದ ಮಾಡಿದ್ದು. ಯಾರದ್ದಾದರೂ ಮಗುವನ್ನು ನೋಡಿ ಮೂಗು ಮುಚ್ಚಿಕೊಳ್ಳುವುದುಂಟಾ?"

ವಾಸನೆ ಹೋಗುವ ತನಕ ಪರೀಕ್ಷೆ ಮಾಡಲು ಭಟ್ಟರು ಒಪ್ಪಿದರು. ಹೆಗಲ ವಸ್ತ್ರ ಬೈರಾಸನ್ನು ಮೂಗಿಗೆ ಸುತ್ತಿಕೊಂಡು ಗಾಡಿಯಲ್ಲಿ ಕೂತರು. ಗಾಳಿ ಬೀಸುವ ಮೂರನೆಯ ತಿರುವಿನಲ್ಲಿ ಬೈರಾಸನ್ನು ಒಂದು ಕ್ಷಣ ಸರಿಸಿ, ವಾಸನೆ ನೋಡಿ, ತಕ್ಷಣ ಮುಚ್ಚಿಕೊಳ್ಳುವುದೆಂದು ಮಾತಾಯಿತು. ಮೊದಲ ಸುತ್ತು ಮುಗಿಸಿ ಬಂದಾಗ ಅವರ ಕಣ್ಣಲ್ಲಿ ನೀರಿತ್ತು.

"ಬಂಗುಡೆ," ಎಂದರು. "ತಿಂದು ಗೊತ್ತಿಲ್ಲ. ಆದರೆ ಬಂಗುಡೆಯೇ."

ಪ್ರವೀಣ್ ಮೂರು ಬಾಟಲಿ ಫಿನಾಯಿಲ್ ತಂದು ಸುರಿದ. ಭಟ್ಟರು ಎರಡನೆಯ ಸುತ್ತು ಹೋಗಿ ಬಂದರು. "ಈಗ ಮೀನನ್ನು ಆಸ್ಪತ್ರೆಗೆ ಸೇರಿಸಿದ ಹಾಗೆ ಉಂಟು."

ಗುಣವತಿ ತನ್ನ ಅಕ್ಕನ ಮಗಳ ಮೆಹಂದಿಗೆಂದು ತೆಗೆದಿಟ್ಟಿದ್ದ ಮಲ್ಲಿಗೆಯ ಚೆಂಡುಗಳನ್ನೆಲ್ಲ ಗೇಟಿನಾಚೆಯ ತನ್ನ ಮನೆಯಿಂದ ತಂದು ರಾಕ್ಷಸರ ಕೊರಳಿಗೆ ಹಾಕಿದಳು. ಭಟ್ಟರು ಮೂರನೆಯ ಸುತ್ತು ಹೋಗಿ ಬಂದರು. "ಆಸ್ಪತ್ರೆಯಿಂದ ಬಂದ ಮೀನಿಗೆ ಮದುವೆ ಮಾಡಿಸಿದ್ರಿ ನೀವು."

ಗಂಟೆ ಒಂದಾಗಿತ್ತು. ಕ್ಲಾರೆನ್ಸ್ ಊಟ ಬಿಟ್ಟ. ಗುಣವತಿಯ ಸಲಹೆಯಂತೆ ಒಂದು ಹಳೆಯ ಬಾಣಲೆಯಲ್ಲಿ ಕೆಂಡ ಹಾಕಿ, ಗಂಧದ ಧೂಪ ಸುರಿದು, ಗುಹೆಯ ನಡುವಿನಲ್ಲಿಟ್ಟ. ಧೂಪ ಬಹಳ ಒಳ್ಳೆಯದಿತ್ತು. ಐದು ನಿಮಿಷದಲ್ಲಿ ಗುಹೆಯ ಎರಡೂ ಬಾಯಿಗಳಿಂದ ಹೊಗೆ ಬಂತು. ಧೂಪ ಹಾಕಿದ್ದನ್ನು ಪ್ರವೀಣನಿಗೆ ಹೇಳಲು ಎಲ್ಲರೂ ಮರೆತಿದ್ದರು.

"ಬೆಂಕಿ! ಬೆಂಕಿ!" ಎಂದು ಕೂಗುತ್ತ ಅವನು ತೋಟದ ಪೈಪು ಎಳೆದು ತಂದ. ಕ್ಲಾರೆನ್ಸ್ ಕೆಮ್ಮುತ್ತ "ಬೇಡ ಮಾರಾಯ, ಬೇಡ" ಎಂದದ್ದು ಒಳಗೆ ಸಿಕ್ಕಿಬಿದ್ದವರ ಆರ್ತನಾದದಂತೆ ಕೇಳಿ, ಪ್ರವೀಣ್ ನಲ್ಲಿಯನ್ನು ಇನ್ನಷ್ಟು ತಿರುಗಿಸಿದ. ನೀರು ದೊಡ್ಡಕ್ಕನ ಮುಖಕ್ಕೇ ಹೊಡೆಯಿತು.

ಹೊಗೆ ಇಳಿದ ಮೇಲೆ ನೋಡಿದರೆ ಅವಳ ಕಾಡಿಗೆ ಕೆನ್ನೆಯ ಮೇಲೆ ಹರಿದಿತ್ತು. ಕೊರಳಲ್ಲಿ ಮಲ್ಲಿಗೆ. ಇಪ್ಪತ್ತೇಳು ವರ್ಷ ಜಿಲ್ಲೆಯ ಮಕ್ಕಳನ್ನು ನಡುಗಿಸಿದ ರಾಕ್ಷಸಿ, ತವರು ಬಿಟ್ಟು ಹೊರಟ ಮದುಮಗಳ ಹಾಗೆ ನಿಂತಿದ್ದಳು.

ಕ್ಲಾರೆನ್ಸನಿಗೆ ಅಳು ಬರುವಂತಾಯಿತು. ಆಶ್ರಿತಾ ತನ್ನ ಹಾಸ್ಟೆಲಿನ ಚೀಲದಿಂದ ಹೇರ್ ಡ್ರೈಯರ್ ತಂದು ಕೊಟ್ಟಳು. ಏಣಿ ಹತ್ತಿ ಅವನು ದೊಡ್ಡಕ್ಕನ ಮುಖ ಒಣಗಿಸಿದ, ಹೊಸ ಕಾಡಿಗೆ ತೀಡಿದ, ಹಲ್ಲುಗಳನ್ನು ಒಂದೊಂದಾಗಿ ಒರೆಸಿದ. ಕೆಳಗೆ ಆಶ್ರಿತಾ ಐಸಿನ ಪೆಟ್ಟಿಗೆಯ ಮುಂದೆ ಬಗ್ಗಿದವಳು ಥಟ್ಟನೆ ಹಿಂದೆ ಸರಿದಳು.

"ಅಂಕಲ್, ಇದೇ! ಈ ಪೆಟ್ಟಿಗೆ ಎಲ್ಲಿಂದ ತಂದ್ರಿ?"

"ಮಲ್ಪೆಯಿಂದ. ರೊಸಾರಿಯೊನ ಮೀನಿನ ಲಾರಿಯದ್ದು. ಐಸು ಕೂಡ ದಿನಾ ಅವನೇ ತಂದು ಹಾಕುವುದು."

ಹೇಳಿದ ಮೇಲೆ ಅವನಿಗೂ ಅರ್ಥವಾಯಿತು. ಇಪ್ಪತ್ತೇಳು ವರ್ಷ ಮೀನಿನ ಐಸಿನ ನೀರು ಕುಡಿದ ಹಲಸಿನ ಹಲಗೆ. ಗುಣವತಿ ಪೆಟ್ಟಿಗೆಯನ್ನು ಎಳೆದುಕೊಂಡು ಹೋದಳು. ಪ್ರವೀಣ್ ಸ್ಕೂಟರಿನಲ್ಲಿ ಹೋಗಿ, ಐಸ್‌ಕ್ರೀಮಿನ ಅಂಗಡಿಯಿಂದ ಹೊಸ ಥರ್ಮಾಕೋಲಿನ ಪೆಟ್ಟಿಗೆಯಲ್ಲಿ ಐಸು ತಂದ. ಹಳಿಗಳನ್ನು ಸಾಬೂನು ಹಾಕಿ ಉಜ್ಜಿದರು. ಮಲ್ಲಿಗೆ ತೆಗೆದರು. ಭಟ್ಟರು ನಾಲ್ಕನೆಯ, ಐದನೆಯ, ಆರನೆಯ ಸುತ್ತು ಹೋದರು. ಆರನೆಯದರಿಂದ ಹೊರಬರುವಾಗ ಬೈರಾಸು ಹೆಗಲ ಮೇಲಿತ್ತು.

"ಎಂತದೂ ಇಲ್ಲ ಪೊರ್ಬುಗಳೇ! ನೀರಿನ ಹಾಗೆ ಉಂಟು!"

ಗಂಟೆ ನಾಲ್ಕಾಗಲು ಐದು ನಿಮಿಷ. ಗೇಟಿನಲ್ಲಿ ಕಾರು ನಿಂತಿತು.

ಡೆನ್ವರ್ ಮೂವತ್ತೈದರ ಆಚೀಚೆಯವನು. ಮೆಲುಮಾತಿನವನು. ಪ್ಲಾಸ್ಟಿಕ್ ಕೋಟೆಯನ್ನು ನೋಡಿಯೂ ನೋಡದ ಹಾಗೆ ದಾಟಿ, ನೇರ ಪಾತಾಳ ಗುಹೆಯ ಮುಂದೆ ಬಂದ. ಒಬ್ಬನೇ ಗಾಡಿಯಲ್ಲಿ ಕೂತ. ಕ್ಲಾರೆನ್ಸ್ ಶಿಲುಬೆಯ ಗುರುತು ಮಾಡಿಕೊಂಡು ವಿಂಚಿನ ಗುಂಡಿ ಒತ್ತಿದ.

ನಾಲ್ಕು ನಿಮಿಷ. ಎಲ್ಲವೂ ಸರಿಯಾಗಿ ನಡೆಯಿತು. ತಣ್ಣನೆಯ ಗಾಳಿ ಬೀಸಿದ್ದು ಕೇಳಿಸಿತು. ದೊಡ್ಡಕ್ಕನ ಕೈ ಇಳಿದು ಏರಿದ್ದು ಕೇಳಿಸಿತು. ಗಾಡಿ ಹೊರಗೆ ಬಂತು. ಡೆನ್ವರ್ ಇಳಿಯಲಿಲ್ಲ. ಮೂಗಿನಿಂದ ಒಮ್ಮೆ ದೀರ್ಘವಾಗಿ ಉಸಿರೆಳೆದ.

"ಅಂಕಲ್," ಎಂದ. "ಒಂದು ಮಾತು ಕೇಳ್ತೇನೆ. ಇಲ್ಲಿ ಮೊದಲು ಮೀನಿನ ವಾಸನೆ ಇತ್ತಾ?"

ಕ್ಲಾರೆನ್ಸ್ ಒಬ್ಬೊಬ್ಬರ ಮುಖ ನೋಡಿದ. ಯಾರೋ ಚಾಡಿ ಹೇಳಿರಬೇಕು! ಅವನು ಜೀವನದಲ್ಲಿ ಸುಳ್ಳು ಹೇಳಿದ್ದು ಕಡಿಮೆ. ಹೇಳಿದಾಗಲೆಲ್ಲ ಮರುದಿನವೇ ಪಾದ್ರಿಗಳ ಮುಂದೆ ಮೊಣಕಾಲೂರಿದವನು. ಆದರೂ ದೊಡ್ಡಕ್ಕನ ಮುಖ ಕಣ್ಣೆದುರು ಬಂತು.

"ಇಲ್ಲ ಸರ್! ಯಾವತ್ತೂ ಇಲ್ಲ!"

"ಒಂದು ದಿನವೂ ಇರ್ಲಿಲ್ಲ," ಎಂದ ಪ್ರವೀಣ್.

"ಕಾಪುವಿನ ಮಾರಿಯಮ್ಮನ ಆಣೆ ಧಣಿ," ಎಂದಳು ಗುಣವತಿ. "ಇಪ್ಪತ್ತೇಳು ವರ್ಷ ಇಲ್ಲೇ ಗುಡಿಸುವವಳು ನಾನು. ಮೀನು ಬಿಡಿ, ಮೀನಿನ ಮುಳ್ಳಿನ ವಾಸನೆ ಸಹ ಬಂದದ್ದಿಲ್ಲ."

ಡೆನ್ವರನ ಮುಖ ಬಾಡಿತು.

"ಹಾಗಾದ್ರೆ ಆ ವಾಸನೆ ಪಪ್ಪನ ಅಂಗಿಯದ್ದು," ಎಂದ. "ಪಪ್ಪ ಮಲ್ಪೆಯ ಐಸ್ ಪ್ಲಾಂಟಿನಲ್ಲಿದ್ದರು. ನಾವು ಬನ್ನಂಜೆಯಲ್ಲಿದ್ದದ್ದು. ಪ್ರತಿ ರಜೆಯಲ್ಲಿ ನನ್ನನ್ನು ಇಲ್ಲಿಗೆ ಕರ್ಕೊಂಡು ಬರ್ತಿದ್ರು. ಕತ್ತಲು, ತಣ್ಣಗಿನ ಗಾಳಿ, ಬಂಗುಡೆಯ ವಾಸನೆ. ದುಬೈಯಲ್ಲಿ ಎಷ್ಟು ದೊಡ್ಡ ಪಾರ್ಕುಗಳನ್ನು ನೋಡಿದೆ ಅಂಕಲ್, ಎಲ್ಲ ಕಡೆ ಒಂದೇ ರೂಮ್ ಫ್ರೆಶ್ನರ್. ಕಾಪುವಿನ ಗುಹೆಯಲ್ಲಿ ಮಾತ್ರ ಸಮುದ್ರದ ಅಡಿಗೆ ಹೋದ ಹಾಗೆ ಆಗ್ತಿತ್ತು, ಅದನ್ನು ಮಾಡಿದವರು ದೊಡ್ಡ ಕಲಾವಿದರು ಅಂತ ಎಲ್ಲರಿಗೂ ಹೇಳ್ತಿದ್ದೆ. ಆ ವಾಸನೆಗೋಸ್ಕರ ಇದೊಂದನ್ನು ಉಳಿಸುವುದು ಅಂತ ಬಂದದ್ದು ನಾನು."

ಪ್ರವೀಣನ ಕೈಯಲ್ಲಿದ್ದ ಖಾಲಿ ಫಿನಾಯಿಲ್ ಬಾಟಲಿ ಬೆನ್ನ ಹಿಂದೆ ಹೋಯಿತು.

"ಇತ್ತು ಸರ್!" ಕ್ಲಾರೆನ್ಸ್ ಕೂಗಿಯೇಬಿಟ್ಟ. "ವಾಸನೆ ಇತ್ತು! ಇವತ್ತು ಬೆಳಿಗ್ಗೆಯವರೆಗೂ ಇತ್ತು! ನಾವೇ ತೊಳೆದದ್ದು!"

ಡೆನ್ವರ್ ಇಳಿದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ನನ್ನ ಸಮಾಧಾನಕ್ಕೆ ಹೇಳ್ಬೇಡಿ ಅಂಕಲ್. ನಿಮಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ಮುಖದಲ್ಲೇ ಗೊತ್ತಾಗ್ತದೆ."

"ಪೆಟ್ಟಿಗೆ ಉಂಟು ಸರ್, ತೋರಿಸ್ತೇನೆ! ಗುಣವತಿ, ಆ ಪೆಟ್ಟಿಗೆ ಎಲ್ಲಿ?"

"ಕಡಿದು ಮನೆಯ ಬಚ್ಚಲೊಲೆಗೆ ಹಾಕಿದೆ ಅಣ್ಣ," ಎಂದಳು ಗುಣವತಿ ಹೆಮ್ಮೆಯಿಂದ. "ಒಂದು ಚೂರೂ ಉಳಿಸಲಿಲ್ಲ."

"ಭಟ್ಟರೇ! ನೀವಾದರೂ ಹೇಳಿ!"

ಭಟ್ಟರು ಮುಂದೆ ಬಂದರು. "ಇತ್ತು. ಭಯಂಕರ ಇತ್ತು."

ಡೆನ್ವರ್ ಮುಗುಳ್ನಕ್ಕ. "ಭಟ್ಟರಿಗೆ ಇಡೀ ಕಾಪುವೇ ಹಾಗೆ ಕಾಣಬಹುದು, ಅಲ್ವಾ?"

ಹೋಗುವ ಮುಂಚೆ ಅವನು ಎಲ್ಲವನ್ನೂ ವಿವರಿಸಿದ. ಕ್ಲಾರೆನ್ಸನ ಕೆಲಸಕ್ಕೆ ತೊಂದರೆಯಿಲ್ಲ. ಸೋಮವಾರ ಸ್ನೋ ರೂಮಿನವರು ಬರುತ್ತಾರೆ. ಬಂದವರಿಗೆ ಸ್ವೆಟರು, ಬೂಟು ಕೊಡುವ ಕೆಲಸ ಅವನದು. ಕ್ಲಾರೆನ್ಸ್ ತಲೆಯಾಡಿಸಿದ. ಆಮೇಲೆ ತಡೆಯಲಾರದೆ ಕೇಳಿದ.

"ಸರ್, ದೊಡ್ಡಕ್ಕ... ನಾಲ್ಕನೇ ತಿರುವಿನ ರಾಕ್ಷಸಿ. ಸಣ್ಣವರಿದ್ದಾಗ ನಿಮಗೆ ಹೇಗೆ ಕಂಡಿದ್ದಳು?"

"ಆಗಲೂ ರಾಕ್ಷಸಿ ಇತ್ತಾ?" ಡೆನ್ವರ್ ನಾಚಿದ. "ಆಗ ನಾನು ಕಣ್ಣು ಬಿಟ್ಟದ್ದೇ ಇಲ್ಲ ಅಂಕಲ್. ಏನೋ ಬಂದು ತಲೆ ಮುಟ್ಟುತ್ತದೆ ಅಂತ ಗೊತ್ತಿತ್ತು. ಶುರುವಿಂದ ಕೊನೆಯವರೆಗೆ ಪಪ್ಪನ ಅಂಗಿಯೊಳಗೆ ಮುಖ. ನನ್ನ ಕ್ಲಾಸಿನವರೆಲ್ಲ ಹಾಗೆಯೇ."

ಕಾರು ಹೋಯಿತು. ಕ್ಲಾರೆನ್ಸ್ ಗುಹೆಯ ಬಾಗಿಲಿನ ಕಟ್ಟೆಯ ಮೇಲೆ ಕೂತ. ಗುಣವತಿ, ಪ್ರವೀಣ್ ಇಬ್ಬರೂ ತಪ್ಪು ಯಾರದೆಂದು ಪಿಸುಮಾತಿನಲ್ಲಿ ಜಗಳವಾಡುತ್ತ ದೂರ ಸರಿದರು. ಭಟ್ಟರು ಒಂದು ತಟ್ಟೆ ಗೋಳಿಬಜೆ ತಂದು ಪಕ್ಕದಲ್ಲಿಟ್ಟು ತಾವೂ ಕೂತರು.

"ಇಪ್ಪತ್ತೇಳು ವರ್ಷ ಭಟ್ಟರೇ," ಎಂದ ಕ್ಲಾರೆನ್ಸ್. "ಮಕ್ಕಳು ಕಣ್ಣೇ ಬಿಡಲಿಲ್ಲವಂತೆ. ಅಷ್ಟು ಹೆದರಿದ್ದರಂತೆ."

ಹೇಳುತ್ತಿದ್ದಂತೆ ಅವನ ಎದೆ ತನ್ನಷ್ಟಕ್ಕೆ ಸ್ವಲ್ಪ ಉಬ್ಬಿತು. ಮರುಕ್ಷಣ ಇನ್ನೊಂದು ಯೋಚನೆ ಬಂದು ಇಳಿಯಿತು.

"ಹಾಗಾದರೆ ಅವಳನ್ನು ನೋಡಿದವರು ಯಾರು?"

"ನಾನು ನೋಡಿದ್ದೇನಲ್ಲ," ಎಂದರು ಭಟ್ಟರು. "ಇವತ್ತು ಆರು ಸಲ. ಮೂಗು ಮುಚ್ಚಿಕೊಂಡಿದ್ದೆ ಪೊರ್ಬುಗಳೇ, ಕಣ್ಣು ಮುಚ್ಚಿರಲಿಲ್ಲ. ಆ ಹಲ್ಲುಗಳ ಕೆತ್ತನೆ ಎಂಥದ್ದು ಮಾರಾಯ್ರೆ! ಇನ್ನೊಂದು ಸುತ್ತು ಬಿಡ್ತೀರಾ? ಸೋಮವಾರಕ್ಕೆ ಮೊದಲು ನೀವೂ ಒಮ್ಮೆ ಕೂತು ನೋಡಬೇಡವಾ?"

ಕ್ಲಾರೆನ್ಸ್ ಎದ್ದು, ಭಟ್ಟರನ್ನು ಗಾಡಿಯಲ್ಲಿ ಕೂರಿಸಿ, ವಿಂಚಿನ ಗುಂಡಿ ಒತ್ತಿದ. ಆಮೇಲೆ ಓಡಿಹೋಗಿ, ಹೊರಟ ಗಾಡಿಯಲ್ಲಿ ಭಟ್ಟರ ಪಕ್ಕ ಹತ್ತಿ ಕೂತ.