ಮರೆತವರಿಗೆ ಬೇಗ ಬರುವ ಕಾರ್ಡು

ಫೋನಿನಲ್ಲಿ ಕಾರ್ಡು ತಿರುವಿ ಪಾಠ ಕಲಿಸುವ ಆ್ಯಪ್ ಗಲ್ಫ್ ದೇಶದ ನಮ್ಮ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಮನೆಗೆ ಬಂದಮೇಲೆ ನಗುವುದಕ್ಕೆ ಏನಾದರೊಂದು ಸಿಗುತ್ತಲೇ ಇದೆ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ‘ಗೊತ್ತು’ ಅಂತ ಒತ್ತಿದರೆ ಅದು ಕೆಲವು ದಿನ, ಆಮೇಲೆ ಕೆಲವು ವಾರ, ಹೀಗೆ ದೂರ ಹೋಗುತ್ತಾ ಹೋಗುತ್ತೆ. ‘ಮರೆತೆ’ ಅಂತ ಒತ್ತಿದರೆ ಅವತ್ತೇ ವಾಪಸ್.

೧. ಪರೀಕ್ಷೆಗಷ್ಟೇ

ಮೊದಲು ಕಲಿತವಳು ನಾನು, ಡ್ರೈವಿಂಗ್ ಲೈಸೆನ್ಸಿನ ಥಿಯರಿ ಪರೀಕ್ಷೆಗೆ. ರಸ್ತೆ ಫಲಕಗಳನ್ನೆಲ್ಲ ಆಫೀಸಿಗೆ ಹೋಗುವಾಗ ಮೆಟ್ರೋದಲ್ಲೇ ಉರು ಹೊಡೆದು ಪಾಸಾದೆ. ಖಲಾಸ್ ಅಂತ ಆ್ಯಪ್ ಮುಚ್ಚಿಟ್ಟೆ. ತಿಂಗಳ ಮೇಲೆ ಕಾರು ಕಲಿಸುವ ಮೇಡಂ ಒಂದು ಫಲಕ ತೋರಿಸಿ ಏನೆಂದು ಕೇಳಿದರು. ಗೊತ್ತಾಗಲಿಲ್ಲ. ಇನ್ನೊಂದು ತೋರಿಸಿದರು. ಅದೂ ಇಲ್ಲ. ಕಾರು ಪಕ್ಕಕ್ಕೆ ನಿಲ್ಲಿಸಲು ಹೇಳಿ, ಥಿಯರಿ ಪಾಸಾಗಿದ್ದು ನೀವೇನಾ, ನಿಮ್ಮ ತಂಗಿಯಾ ಅಂತ ಹಿಂದಿಯಲ್ಲಿ ಮೆತ್ತಗೆ ವಿಚಾರಿಸಿದರು.

೨. ಗುರುವಾರದ ಮಾತು

ಆಮೇಲೆ ಮಗಳ ಸರದಿ. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಇಂಗ್ಲಿಷ್ ಬಾರದು. ವಿಡಿಯೋ ಕಾಲ್ ಮಾಡಿದರೆ ಅಜ್ಜಿ, ಮೊಮ್ಮಗಳು ಮುಖ ನೋಡಿಕೊಂಡು ನಗುವುದು, ನಡುವೆ ನಾನು ಅರ್ಥ ಹೇಳುವುದು. ನಾನಿಲ್ಲದೆ ಅವರೇ ಮಾತಾಡಿಕೊಳ್ಳಲಿ ಎಂಬ ಆಸೆಗೆ ಕನ್ನಡದ ಕಾರ್ಡು ಮಾಡಿಕೊಟ್ಟೆ.

ಮೊದಲ ವಾರ ಅಮ್ಮ, “ಏನು ತಿಂದೆ ಪುಟ್ಟಿ?” ಅಂದರು. ಮಗಳು ಯೋಚಿಸಿ ನನ್ನ ಕಡೆ ತಿರುಗಿದಳು.

“ಅಮ್ಮಾ, ಫುಡ್ ಕಾರ್ಡ್ಸ್ ಆರ್ ಓನ್ಲಿ ಆನ್ ಥರ್ಸ್‌ಡೇ.”

ಊಟ-ತಿಂಡಿಯ ಕಾರ್ಡು ಗುರುವಾರವಷ್ಟೇ ಬರುತ್ತಂತೆ ಅಂತ ಅರ್ಥ ಹೇಳಿದೆ. ಹಾಗಾದರೆ ಗುರುವಾರದವರೆಗೂ ಮಗು ಉಪವಾಸವಾ ಅಂತ ಅಮ್ಮ ಗಾಬರಿಯಾದರು.

೩. ಇವರು ಯಾರು?

ಈ ಬೇಸಿಗೆ ರಜೆಗೆ ಊರಿಗೆ ಹೋಗಲಾಗಲಿಲ್ಲ. ಅಷ್ಟರಲ್ಲಿ ಮಗಳಿಗೆ ಕನ್ನಡ ಬರುತ್ತಿತ್ತು, ಜೊತೆಗೆ ಮಾತಾಡಬೇಕಾದ ಅಜ್ಜಿ ಮಾತ್ರ ಎದುರಿಗಿರಲಿಲ್ಲ. ಒಂದು ಸಂಜೆ ಅವಳು ನೆಂಟರ ಫೋಟೋಗಳ ಕಾರ್ಡು ತಿರುವುತ್ತಿದ್ದಳು. ಮಾಮ, ಗೊತ್ತು. ಚಿಕ್ಕಮ್ಮ, ಗೊತ್ತು. ನನ್ನ ಅಮ್ಮನ ಫೋಟೋ ಬಂತು, ‘ಮರೆತೆ’ ಒತ್ತಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮತ್ತೆ ‘ಮರೆತೆ’. ಅಜ್ಜಿ ಗೊತ್ತಾಗಲಿಲ್ವಾ ಅಂತ ಕೇಳಿದೆ.

“ಗೊತ್ತಮ್ಮಾ. ಗೊತ್ತು ಅಂತ ಒತ್ತಿದ್ರೆ ಅಜ್ಜಿ ನಾಲ್ಕು ತಿಂಗಳು ಬರಲ್ಲ. ಮರೆತೆ ಅಂದ್ರೆ ಈಗ್ಲೇ ಬರ್ತಾರೆ.”

ಒಂದು ಪದವೂ ಇಂಗ್ಲಿಷಿಲ್ಲದೆ ಹೇಳಿದ್ದಳು.

ಅಮ್ಮನಿಗೆ ಫೋನು ಮಾಡಿ ಹೇಳಿದೆ. ಜೋರಾಗಿ ನಕ್ಕರು.

“ನನ್ನ ಫೋನಿಗೂ ಅದನ್ನ ಹಾಕೋಕೆ ಹೇಳಿಕೊಡೇ,” ಅಂದರು. “ಪುಟ್ಟಿ ಯಾರು ಅಂತ ನಂಗೂ ದಿನಾ ಮರ್ತುಹೋಗ್ಲಿ.”