ನಿಮ್ಮ ಮೆಷಿನ್ ಯಾವ ಕಡೆ ಹೋಗುತ್ತೆ?

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಸುಮ್ಮನೆ ಮಾತಾಡಿಸುವುದಿಲ್ಲ. ಮಗಳು ‘ಅಮ್ಮಾ’ ಎಂದರೆ ಚಾರ್ಜರ್ ಕಾಣುತ್ತಿಲ್ಲ ಎಂದು ಅರ್ಥ. ಅದನ್ನೇ ರಾಗವಾಗಿ ಎಳೆದರೆ ಅಂಗಿ ಇಸ್ತ್ರಿಯಾಗಿಲ್ಲ ಎಂದು. ಅತ್ತೆ ನನ್ನನ್ನು ಕೂಗಿ ಕರೆದರೆ ಅವರ ಕನ್ನಡಕ ಕಳೆದಿದೆ, ಕರೆಯದೆ ಬರೀ ಕೆಮ್ಮಿದರೆ ಬಿಸಿನೀರು ಬೇಕಾಗಿದೆ. ಇಷ್ಟು ವರ್ಷದಲ್ಲಿ ಈ ಭಾಷೆ ನನಗೆ ಚೆನ್ನಾಗಿ ಬಂದಿದೆ. ಆದರೆ ಇದರಲ್ಲಿ ನಾನು ತಿರುಗಿ ಹೇಳುವಂಥದ್ದು ‘ಬಂದೆ’ ಎನ್ನುವುದೊಂದೇ.

ಇನ್ನು ನನ್ನ ಯಜಮಾನರು. ಅವರು ವಿಮೆ ಏಜೆಂಟ್. ಅವರ ಬಾಯಿಂದ ಒಂದು ಕುಶಲಪ್ರಶ್ನೆ ಹೊರಬಿದ್ದರೆ ಅದರ ಬೆನ್ನಿಗೇ ಒಂದು ಫಾರಂ ಹೊರಬೀಳುತ್ತದೆ. ಪಕ್ಕದ ಮನೆಯವರನ್ನು ‘ಎದೆನೋವು ಹೇಗಿದೆ ಸರ್?’ ಎಂದು ಕೇಳುವಾಗ ಇವರ ಮುಖದಲ್ಲಿ ಎಂಥ ಆಸೆ ಇರುತ್ತದೆಂದರೆ, ಪಾಪ, ಆ ಮನುಷ್ಯ ಸಂಕೋಚಕ್ಕಾದರೂ ಸ್ವಲ್ಪ ಇದೆ ಎನ್ನುತ್ತಾನೆ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, ‘ನಿಮ್ಮ ಮನೇಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ?’ ಎಂದು ಕೇಳಿದ್ದರು. ಎಷ್ಟು ಕಾಳಜಿ ಎಂದು ನಾನು ಕರಗಿಹೋಗಿದ್ದೆ. ಅದು ವಿಮೆ ಫಾರಂನ ಒಂಬತ್ತನೆಯ ಕಾಲಮ್ಮು ಎಂದು ತಿಳಿದದ್ದು ಆಮೇಲೆ.

ಬೆಳಿಗ್ಗೆ ನಾನು ದೇವರ ಮುಂದೆ ಸ್ವಲ್ಪ ಹೊತ್ತು ಕೂರುತ್ತೇನೆ. ಏನೂ ಕೇಳಿಕೊಳ್ಳುವುದಿಲ್ಲ. ಲೋಕವೆಲ್ಲ ಅರ್ಜಿ ಹಿಡಿದು ಸಾಲಾಗಿ ನಿಂತಿರುವಾಗ ಒಬ್ಬಳಾದರೂ ಸುಮ್ಮನೆ ನೋಡಿಕೊಂಡು ಹೋಗಲು ಬಂದರೆ ಅವನಿಗೂ ಹಗುರಾದೀತು ಎಂದು ನನ್ನ ಎಣಿಕೆ. (‘ಅದೂ ಒಂದು ಉಪಾಯಾನೇ, ಮುಂದೆ ದೊಡ್ಡದಾಗಿ ಕೇಳಬಹುದು’ ಎಂದರು ಯಜಮಾನರು. ಅವರಿಗೆ ಹೇಳಬಾರದಿತ್ತು.)

ವಿಷಯಕ್ಕೆ ಬರುತ್ತೇನೆ. ನಮ್ಮ ವಾಷಿಂಗ್ ಮೆಷಿನ್ನಿಗೆ ನಡೆಯುವ ಚಟ. ತೊಳೆಯುವವರೆಗೂ ಸಾಧು. ಹಿಂಡುವ ಹೊತ್ತು ಬಂತೋ, ಗಡಗಡ ನಡುಗಿ, ಬಚ್ಚಲಮನೆಯ ಮೂಲೆ ಬಿಟ್ಟು, ನೀರಿನ ಪೈಪು ಎಳೆದು ನಿಲ್ಲಿಸುವ ತನಕ ನಡೆಯುತ್ತದೆ. ರಿಪೇರಿಯವನು ಬಂದು ನೆಲ ಸರಿಯಿಲ್ಲ ಎಂದ. ಗಾರೆಯವನು ಬಂದು ಮೆಷಿನ್ ಸರಿಯಿಲ್ಲ ಎಂದ. ಇಬ್ಬರೂ ಹೋದ ಮೇಲೆ ನಾನೇ ಅದರ ಮೇಲೆ ಹತ್ತಿ ಕೂರತೊಡಗಿದೆ. ನನ್ನ ತೂಕಕ್ಕೆ ಈ ಮನೆಯಲ್ಲಿ ಸಿಕ್ಕ ಏಕೈಕ ಗೌರವ ಅದು.

ಹಾಗೆ ಕೂತಿರುವಾಗ ಕೈಯಲ್ಲಿ ಫೋನಿರುತ್ತದೆ. ಫೋನಿನಲ್ಲಿ ಬರೆಯುವುದನ್ನು ನನಗೆ ಯಾರೂ ಹೇಳಿಕೊಟ್ಟವರಿಲ್ಲ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ನಾನೇ ಕಲಿತೆ. ಇದೇ ಕಂಪನಿಯ ಮೆಷಿನ್ ಇಟ್ಟುಕೊಂಡು ಸೋತವರದ್ದೆಲ್ಲ ಒಂದು ಗುಂಪಿದೆ ಎಂದು ತಿಳಿದು ಅಲ್ಲಿ ಕೇಳಿದೆ: ‘ನಮ್ಮ ಮೆಷಿನ್ ಹಿಂಡುವಾಗ ನಡೆಯುತ್ತದೆ. ಏನು ಮಾಡಬೇಕು?’ ಉತ್ತರಗಳು ಸುರಿದವು. ಒಬ್ಬರು ಕಾಲಿಗೆ ರಬ್ಬರ್ ಮಾರುವವರು, ಒಬ್ಬರು ಸ್ಟ್ಯಾಂಡು ಮಾರುವವರು, ಒಬ್ಬರು ಹೊಸ ಮೆಷಿನ್ನನ್ನೇ ಮಾರುವವರು. ಕೊನೆಗೆ ಒಬ್ಬಾಕೆ ಬರೆದಳು: ‘ನಮ್ಮದೂ ನಡೆಯುತ್ತೆ. ನಿಮ್ಮದು ಯಾವ ಕಡೆ ಹೋಗುತ್ತೆ?’

ನಾನು ಆ ಪ್ರಶ್ನೆಯನ್ನು ನೋಡುತ್ತಾ ಕೂತೆ. ಅದರಲ್ಲಿ ಪರಿಹಾರವಿರಲಿಲ್ಲ, ಸಲಹೆಯಿರಲಿಲ್ಲ. ಅವಳಿಗೆ ಸುಮ್ಮನೆ ತಿಳಿಯಬೇಕಾಗಿತ್ತು, ಅಷ್ಟೆ. ‘ಅಡುಗೆಮನೆ ಕಡೆ’ ಎಂದು ಬರೆದೆ. ‘ಪಾಪ. ನಮ್ಮದು ಹೊರಬಾಗಿಲ ಕಡೆ. ಸ್ವಲ್ಪ ಬುದ್ಧಿ ಇದೆ’ ಎಂದು ಬಂತು.

ಅಲ್ಲಿಂದ ಶುರುವಾಯಿತು. ನಾನು ಅವಳನ್ನು ಮೆಷಿನ್ ಅಕ್ಕ ಎಂದು ಕರೆದೆ, ಅವಳೂ ನನ್ನನ್ನು ಅಕ್ಕ ಎಂದಳು. ಯಾರು ದೊಡ್ಡವರು ಎಂದು ಇಬ್ಬರೂ ಕೇಳಲಿಲ್ಲ. ಅವಳು ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಮುಂಬಾಗಿಲ ಮೇಜಿಗೆ ಕೂರುವವಳು. ‘ಬರೋವಾಗ ನೋವು ಅಂತ ಮಾತಾಡಲ್ಲ, ಹೋಗೋವಾಗ ಮರಗಟ್ಟಿದೆ ಅಂತ ಮಾತಾಡಲ್ಲ. ದಿನಾ ಇಷ್ಟು ಬಾಯಿ ನೋಡ್ತೀನಿ ಅಕ್ಕ, ಒಂದು ಮಾತು ಕೇಳಿಸಲ್ಲ’ ಎಂದು ಬರೆದಿದ್ದಳು. ಮಧ್ಯಾಹ್ನ ನನ್ನ ಮೆಷಿನ್ ತಿರುಗುವ ಹೊತ್ತಿಗೆ ಅವಳ ಆಸ್ಪತ್ರೆ ಖಾಲಿಯಿರುತ್ತಿತ್ತು. ಕಿಟಕಿಯ ಹೊರಗೆ ಏಸಿ ಪೆಟ್ಟಿಗೆಯ ಮೇಲೆ ಸಂಸಾರ ಹೂಡಿದ್ದ ಪಾರಿವಾಳಗಳ ಜಗಳವನ್ನು ಅವಳು ವರದಿ ಮಾಡುತ್ತಿದ್ದಳು. ತಪ್ಪು ಯಾವ ಪಾರಿವಾಳದ್ದು ಎಂದು ನಾನು ತೀರ್ಪು ಕೊಡುತ್ತಿದ್ದೆ. ಮಳೆ ಬರುವ ಹಾಗಿದೆಯಾ ಎಂದು ಕೇಳಿಕೊಳ್ಳುತ್ತಿದ್ದೆವು. ಅವಳ ಊರಿನ ಮಳೆಯಿಂದ ನನಗೇನು? ಏನೂ ಇಲ್ಲ. ಅದಕ್ಕೇ ಅದು ಅಷ್ಟು ಹಿತವಾಗಿತ್ತು. ಮನೆಯವರೊಂದಿಗೆ ಮಳೆ ಎಂದರೆ ‘ಬಟ್ಟೆ ತೆಗೆದೆಯಾ?’ ಎಂದಾಗುತ್ತದೆ. ಅವಳೊಂದಿಗೆ ಮಳೆ ಬರೀ ಮಳೆಯಾಗಿರುತ್ತಿತ್ತು.

ಸಿಕ್ಕಿಬಿದ್ದದ್ದು ನಗುವಿನಿಂದ. ಗಂಡು ಪಾರಿವಾಳ ಮನೆ ಬಿಟ್ಟು ಎಕ್ಸ್-ರೇ ಕೋಣೆಗೆ ನುಗ್ಗಿದ ದಿನ ನಾನು ಮೆಷಿನ್ ಮೇಲೆ ಕೂತು ನಕ್ಕಿದ್ದನ್ನು ಅತ್ತೆ ನೋಡಿದರು. ಸಂಜೆ ನಮ್ಮ ಹಾಲ್‌ನಲ್ಲಿ ಉನ್ನತ ಮಟ್ಟದ ವಿಚಾರಣಾ ಆಯೋಗ ಕೂತಿತು.

“ಯಾರದು ಫೋನಿನಲ್ಲಿ?” ಎಂದರು ಯಜಮಾನರು.

“ಮೆಷಿನ್ ಅಕ್ಕ.”

“ಹೆಸರು?”

“ಕೇಳಿಲ್ಲ.”

“ಯಾವೂರು?”

“ಕೇಳಿಲ್ಲ. ಅಲ್ಲಿ ನಿನ್ನೆ ಮೋಡ ಇತ್ತು.”

“ಮೋಡ!” ಯಜಮಾನರು ತಾಯಿಯ ಕಡೆ ತಿರುಗಿದರು. “ಅಮ್ಮಾ, ಕೇಳಿದೆಯಾ? ಊರು ಗೊತ್ತಿಲ್ಲವಂತೆ, ಮೋಡ ಗೊತ್ತಂತೆ.”

“ಅವಳಿಗೆ ನಿನ್ನಿಂದ ಏನಾಗಬೇಕಮ್ಮ?” ಅತ್ತೆ ಮುಂದೆ ಬಾಗಿದರು.

“ಏನೂ ಇಲ್ಲ ಅತ್ತೆ.”

“ಏನೂ ಬೇಡದೆ ಯಾರಾದರೂ ದಿನಾ ಮಾತಾಡ್ತಾರಾ? ನಿನ್ನ ಜೊತೆ?”

ಆ ಕೊನೆಯ ಎರಡು ಪದಗಳನ್ನು ಅವರು ಬೇಕೆಂದು ಸೇರಿಸಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

“ಅಮ್ಮಾ, ಅದು ಗಂಡಸಾಗಿರ್ತಾನೆ” ಎಂದಳು ಮಗಳು, ತನ್ನ ಫೋನಿನಿಂದ ತಲೆಯೆತ್ತದೆ. “ಆರು ತಿಂಗಳು ಪಾರಿವಾಳ ಅಂತಾರೆ, ಆಮೇಲೆ ಆಪರೇಷನ್‌ಗೆ ದುಡ್ಡು ಕಳಿಸಿ ಅಂತಾರೆ.”

“ಪಾರಿವಾಳದ ಆಪರೇಷನ್‌ಗಾ?” ಅತ್ತೆ ಗಾಬರಿಯಾದರು.

ಆಗ ಯಜಮಾನರಿಗೆ ಒಂದು ದಿವ್ಯೋಪಾಯ ಹೊಳೆಯಿತು. ಅವರ ವೃತ್ತಿಯವರಿಗಲ್ಲದೆ ಇನ್ನೊಬ್ಬರಿಗೆ ಹೊಳೆಯುವಂಥದ್ದಲ್ಲ. “ನೋಡು, ಮೋಸಗಾರರು ದುಡ್ಡು ತಗೊಳ್ಳೋಕೆ ಬಂದಿರ್ತಾರೆ. ನಾವೇ ದುಡ್ಡು ಕೇಳಿದರೆ ಎದ್ದೆನೋ ಬಿದ್ದೆನೋ ಅಂತ ಓಡ್ತಾರೆ. ಅವಳಿಗೆ ಒಂದು ಪಾಲಿಸಿ ಕಳಿಸೋಣ. ಓಡಿದರೆ ಕಳ್ಳಿ. ನಿಂತರೆ ಸಾಚಾ. ನನ್ನ ಇಷ್ಟು ವರ್ಷದ ಅನುಭವ.”

“ನಿಮ್ಮ ಅನುಭವದಲ್ಲಿ ಪಾಲಿಸಿ ನೋಡಿ ಎಲ್ಲರೂ ಓಡಿದ್ದಾರೆ. ಹಾಗಾದರೆ ಊರೆಲ್ಲ ಕಳ್ಳರಾ?”

“ಮಾತು ತಿರುಗಿಸಬೇಡ. ಭಯ ಇದ್ದರೆ ಹೇಳು.”

ನಾನು ಬೇಡ ಎನ್ನಬೇಕಿತ್ತು. ಆದರೆ ನನ್ನೊಂದಿಗೆ ಸುಮ್ಮನೆ ಮಾತಾಡಬಲ್ಲ ಒಬ್ಬಳು ಈ ಭೂಮಿಯ ಮೇಲೆ ಇದ್ದಾಳೆಂದು ಆ ಮೂವರಿಗೆ ತೋರಿಸಬೇಕೆಂಬ ಹಟ ಬಂದುಬಿಟ್ಟಿತು. “ಕಳಿಸಿ, ನೋಡೇಬಿಡೋಣ” ಎಂದು ಫೋನು ಕೊಟ್ಟೆ. ಅವರ ಬಳಿ ಸಿದ್ಧ ಸಂದೇಶವೊಂದಿದೆ: ಹುಟ್ಟುವ ಸೂರ್ಯ, ಕೈಮುಗಿದ ಗೊಂಬೆ, ಒಂದೇ ಛತ್ರಿಯ ಕೆಳಗೆ ಹಲ್ಲು ಕಿರಿಯುವ ಸಂಸಾರ, ‘ನಿಮ್ಮ ನಾಳೆಯ ಚಿಂತೆ ನಮಗಿರಲಿ’. ಎಕ್ಸ್-ರೇ ಕೋಣೆಯ ಪಾರಿವಾಳದ ಕೆಳಗೆ, ನನ್ನ ಹೆಸರಿನಲ್ಲಿ, ಆ ಛತ್ರಿ ಹೋಗಿ ಕೂತಿತು.

ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ಮನೆಯಲ್ಲಿ ವಿಜಯೋತ್ಸವ. ಯಜಮಾನರು ಊಟಕ್ಕೆ ಕೂತಾಗಲೆಲ್ಲ “ಮೋಡ ಹೇಗಿದೆಯಂತೆ?” ಎಂದು ಕೇಳತೊಡಗಿದರು. ಅತ್ತೆ ಬೀರುವಿನ ಬೀಗ ಎಳೆದೆಳೆದು ನೋಡಿದರು. ಮಗಳು “ಬ್ಲಾಕ್ ಮಾಡಿರ್ತಾಳೆ ಬಿಡಮ್ಮಾ” ಎಂದು ತನ್ನ ಕೈಲಾದ ಸಮಾಧಾನ ಹೇಳಿದಳು. ನಾನು ಬೆಳಿಗ್ಗೆ ದೇವರ ಮುಂದೆ ಕೂತು, ಅಷ್ಟು ವರ್ಷದಲ್ಲಿ ಮೊದಲ ಸಲ, ಅರ್ಜಿ ಹಾಕಿದೆ: ಅವಳು ಕಳ್ಳಿಯಾಗದಿರಲಿ ತಂದೆ.

ಹೊಸ ಅರ್ಜಿದಾರಳೆಂದೋ ಏನೋ, ಮಧ್ಯಾಹ್ನಕ್ಕೇ ಮಂಜೂರಾಯಿತು. ‘ತಡವಾಯಿತು, ಕ್ಷಮಿಸಿ. ಮನೆಯಲ್ಲಿ ಕೇಳಬೇಕಿತ್ತು. ಇಷ್ಟು ದಿನ ನನಗೋಸ್ಕರ ಸಮಯ ಕೊಟ್ಟಿದ್ದೀರಿ. ಒಂದು ಪಾಲಿಸಿ ಮಾಡಿಸುತ್ತೇನೆ ಮೇಡಂ.’

ಅವಳು ಸಾಚಾ ಎಂದು ಸಾಬೀತಾಯಿತು. ನಾನು ಗೆದ್ದೆ. ಆದರೆ ಆ ‘ಮೇಡಂ’ ಇತ್ತಲ್ಲ, ಅದು ಅನ್ನದಲ್ಲಿ ಕಲ್ಲು ಸಿಕ್ಕಂತೆ ಸಿಕ್ಕಿತು.

ನಿಜ ಹೇಳಿಬಿಡೋಣವೆಂದು ಬರೆಯಲು ಕೂತೆ. ಏನೆಂದು ಬರೆಯಲಿ? ‘ನಾನು ನಿಮಗೆ ಪಾಲಿಸಿ ಮಾರಲು ಮಾತಾಡಿದವಳಲ್ಲ, ನೀವು ಕಳ್ಳಿಯೇ ಎಂದು ಪರೀಕ್ಷೆ ಮಾಡಿದೆವು’ ಎಂದೇ? ವ್ಯಾಪಾರಿ ಎನ್ನಿಸಿಕೊಳ್ಳುವುದು ಮೇಲೋ, ಅವಳನ್ನು ಕಳ್ಳಿ ಎಂದೆಣಿಸಿದವಳು ಎನ್ನಿಸಿಕೊಳ್ಳುವುದು ಮೇಲೋ? ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ‘ಪಾಲಿಸಿ ಬೇಡ ಅಕ್ಕ, ಅದು ನಮ್ಮವರು ಕಳಿಸಿದ್ದು’ ಎಂದಷ್ಟೇ ಕಳಿಸಿದೆ. ‘ಪರವಾಗಿಲ್ಲ ಮೇಡಂ. ಎಲ್ಲರದ್ದೂ ಹೊಟ್ಟೆಪಾಡು. ಬೇಜಾರಿಲ್ಲ’ ಎಂದು ಬಂತು. ಬೇಜಾರಿಲ್ಲದವರು ಅದನ್ನು ಬರೆಯುವುದಿಲ್ಲ.

ಆಮೇಲೊಂದು ದಿನ ‘ಇವತ್ತು ನಮ್ಮ ಮೆಷಿನ್ ಪೈಪನ್ನೇ ಕಿತ್ತುಕೊಂಡು ಹೋಯಿತು!’ ಎಂದು ಬರೆದೆ. ಹಿಂದೆಯಾಗಿದ್ದರೆ ಎಲ್ಲಿವರೆಗೆ ಎಂದು ಕೇಳುತ್ತಿದ್ದಳು. ‘ಸರಿ ಮೇಡಂ. ಪಾಲಿಸಿ ಪೇಪರ್ ಸೋಮವಾರ ಕಳಿಸುತ್ತೇನೆ’ ಎಂದಳು.

ಯಜಮಾನರಿಗೆ ಮಾತ್ರ ನನ್ನಲ್ಲಿ ಒಂದು ಮಹಾಪ್ರತಿಭೆ ಕಂಡುಬಿಟ್ಟಿತು. ತಮ್ಮ ಆಫೀಸಿನ ತಿಂಗಳ ಸಭೆಯಲ್ಲಿ ಹೇಳಿಯೂ ಬಂದರು: ಮೊದಲು ನಡೆಯುವ ಮೆಷಿನ್ನಿನ ಮಾತು, ಆಮೇಲೆ ಛತ್ರಿ ಕಳಿಸಿದ ತಕ್ಷಣ ಮರುಮಾತಿಲ್ಲದೆ ಪಾಲಿಸಿ! ಮುಂದಿನ ಸಭೆಗೆ ನನ್ನನ್ನೇ ಕರೆಸಿದರು. ಬರುವುದಿಲ್ಲ ಎಂದೆ. “ಮ್ಯಾನೇಜರ್ ಹತ್ತಿರ ಮಾತು ಕೊಟ್ಟಿದ್ದೀನಿ, ನನ್ನ ಮರ್ಯಾದೆ ಪ್ರಶ್ನೆ” ಎಂದರು. ಹೋದೆ. ಕುರ್ಚಿ ಕೊಟ್ಟು, ನೀರಿನ ಬಾಟಲಿ ಕೊಟ್ಟು, ಮೈಕು ಕೊಟ್ಟರು. ಎದುರಿಗೆ ಟೈ ಕಟ್ಟಿದ ಏಜೆಂಟರು ಪೆನ್ನು ಹಿಡಿದು ಕೂತಿದ್ದರು.

ನಾನು ಸತ್ಯವನ್ನೇ ಹೇಳಿದೆ. “ಮಾತಾಡೋವಾಗ ಅವರಿಂದ ಏನೂ ಆಗಬೇಕಾಗಿರಬಾರದು. ಸುಮ್ಮನೆ ಕೇಳಬೇಕು, ಅಷ್ಟೆ.”

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಒಬ್ಬ ಕೈಯೆತ್ತಿದ.

“ಏನೂ ಆಗಬೇಕಾಗಿಲ್ಲ ಅಂತ ಎಷ್ಟು ದಿನ ಇರಬೇಕು ಮೇಡಂ?”

ಮಧ್ಯದ ಸಾಲಿನಿಂದ ಇನ್ನೊಬ್ಬ, ತೆಳ್ಳಗಿನ ಮೀಸೆಯವನು, “ನಮ್ಮ ಮೆಷಿನ್ ನಡೆಯಲ್ಲ ಮೇಡಂ, ನಾವೇನು ಮಾಡೋದು?” ಎಂದ. “ಬೇರೆ ಏನಾದರೂ ನೋಡ್ಕೊಳ್ರೀ. ಮನೆ ಅಂದಮೇಲೆ ಒಂದಲ್ಲ ಒಂದು ಕೆಟ್ಟಿರುತ್ತೆ” ಎಂದು ಮ್ಯಾನೇಜರ್ ಸಮಸ್ಯೆ ಪರಿಹರಿಸಿದರು. ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ, ಮೆಷಿನ್ ಮೇಲೆ ಸುಮ್ಮನೆ ಕೂತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಒಂದು ಸಾಲು ಬಂತು: ‘ನಮ್ಮ ಫ್ಯಾನ್ ಪ್ರತಿ ಸುತ್ತಿಗೂ ಒಂದು ನಿಟ್ಟುಸಿರು ಬಿಡುತ್ತೆ. ನಿಮ್ಮನೇದೂ ಹಾಗೇನಾ?’ ಪಕ್ಕದ ಸಣ್ಣ ಫೋಟೋದಲ್ಲಿ ಟೈ, ತೆಳ್ಳಗಿನ ಮೀಸೆ. ಆ ದೊಡ್ಡ ಸಭೆಯಲ್ಲಿ ಕಂಡ ನನ್ನ ಮುಖ ಅವನಿಗೆ ನೆನಪಿದೆಯೋ ಇಲ್ಲವೋ, ನಂಬರು ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಪಾಠ ಒಪ್ಪಿಸುತ್ತಿದ್ದಾನೆ ಎಂದು ನನಗೆ ಮೊದಲ ಸಾಲಿಗೇ ಗೊತ್ತಾಯಿತು.

ಗೊತ್ತಾದ ಮೇಲೂ ಮೆಷಿನ್ನಿನಿಂದ ಇಳಿದು ಹಾಲ್‌ಗೆ ಹೋಗಿ, ತಲೆಯೆತ್ತಿ ನಮ್ಮ ಫ್ಯಾನನ್ನು ನೋಡಿದೆ. ಕಿವಿಗೊಟ್ಟೆ. ‘ನಮ್ಮದು ನಿಟ್ಟುಸಿರಲ್ಲ, ಗೊಣಗುತ್ತೆ’ ಎಂದು ಬರೆದೆ.

ಹುಡುಗ ಚೆನ್ನಾಗಿ ಕಲಿತಿದ್ದ. ನಾನು ಹೇಳಿಕೊಟ್ಟಿದ್ದಲ್ಲವೇ! ಅವರ ಬೀದಿಯಲ್ಲಿ ಬೆಕ್ಕೊಂದು ದಿನಾ ಬಸ್‌ಸ್ಟಾಪಿಗೆ ಬಂದು ಕೂತು, ಬಸ್ಸು ಬಂದ ಕೂಡಲೇ ಎದ್ದುಹೋಗುತ್ತದಂತೆ. ಯಾರನ್ನು ಕಾಯುತ್ತಿರಬಹುದು ಎಂದು ನಾವು ಸಾಕಷ್ಟು ಚರ್ಚಿಸಿದೆವು. ಒಂದು ದಿನ ಬೆಕ್ಕಿನ ಕೆಳಗೆ ಸೂರ್ಯ ಹುಟ್ಟಿದ, ಗೊಂಬೆ ಕೈ ಮುಗಿಯಿತು, ಛತ್ರಿ ಬಿಚ್ಚಿಕೊಂಡಿತು.

ನಾನು ಆ ಪಾಲಿಸಿ ಮಾಡಿಸಿದೆ.

ಬೇಡ ಎಂದರೆ ನಾಳೆ ಬೆಕ್ಕಿನ ಸುದ್ದಿ ಬರುವುದಿಲ್ಲ. ಸರಿ ಎಂದರೆ ಬಂದರೂ ಬರಬಹುದು. ಹಲ್ಲಿನ ಆಸ್ಪತ್ರೆಯ ಮೇಜಿನ ಮುಂದೆ ಕೂತು ಆ ಹೆಂಗಸು ಮೂರು ದಿನ ಏನು ಯೋಚಿಸಿದ್ದಳೆಂದು ನನಗೆ ಆಗ ತಿಳಿಯಿತು. (ಬರಲಿಲ್ಲ. ‘ಥ್ಯಾಂಕ್ಯೂ ಮೇಡಂ’ ಬಂತು.)

ಸುದ್ದಿ ಆಫೀಸಿನ ಮೂಲಕ ಯಜಮಾನರನ್ನು ತಲುಪಿತು. ಚಪ್ಪಲಿ ಬಿಡುವ ಮೊದಲೇ ಕೂಗಾಡಿದರು.

“ಮನೇಲಿ ಗಂಡ ಏಜೆಂಟು! ಹೆಂಡತಿ ಹೋಗಿ ಹೊರಗಿನವನ ಹತ್ತಿರ ಪಾಲಿಸಿ ಮಾಡಿಸ್ತಾಳೆ! ನಾನು ನಾಳೆ ಯಾವ ಮುಖ ಇಟ್ಕೊಂಡು ಹೋಗಲಿ? ನನ್ನಲ್ಲಿಲ್ಲದ್ದು ಅವನಲ್ಲೇನಿತ್ತು?”

“ನಮ್ಮ ಫ್ಯಾನ್ ಹೇಗೆ ಸದ್ದು ಮಾಡುತ್ತೆ ಅಂತ ಕೇಳಿದ.”

“ಫ್ಯಾನಾ?”

“ಹೂಂ. ನೀವು ಯಾವತ್ತಾದರೂ ಕೇಳಿದ್ದೀರಾ?”

ಅವರು ತಲೆಯೆತ್ತಿದರು. ಬಹಳ ಹೊತ್ತು ಫ್ಯಾನನ್ನೇ ನೋಡಿದರು. ಅವರ ಮುಖದ ಗಂಟುಗಳು ಒಂದೊಂದೇ ಸಡಿಲವಾದವು. ಮದುವೆಯಾದಂದಿನಿಂದ ಅವರು ಹಾಗೆ, ಕೈಯಲ್ಲಿ ಫೋನಿಲ್ಲದೆ, ಏನನ್ನಾದರೂ ಸುಮ್ಮನೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅವರು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ಕೂತು, ದನಿ ತಗ್ಗಿಸಿ ಕೇಳಿದರು:

“ನಾಮಿನಿ ನಾನೇ ತಾನೇ?”