ಸೋತವರಿಗೆ ಇನ್ನೊಂದು ಆಟ

ನಮ್ಮ ಕಾಕಾ ಆಯುಷ್ಯದ ಅರ್ಧ ಭಾಗ ವ್ಹಾಲಿಬಾಲ್ ಕಲಿಸಿದರು. ಆದರೆ ಅವರಿಗೆ ವ್ಹಾಲಿಬಾಲಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು! ಚೆಂಡು ನೆಟ್ಟಿನ ಆಚೆ ಬಿತ್ತೋ ಈಚೆ ಬಿತ್ತೋ ಎಂಬುದು ಅವರ ಮಟ್ಟಿಗೆ ಚಿಲ್ಲರೆ ವಿಷಯ. ಅವರ ತಲೆ ತಿನ್ನುತ್ತಿದ್ದ ಪ್ರಶ್ನೆಗಳೇ ಬೇರೆ. ಯಾರು ಯಾರ ಜೊತೆ ಆಡಬೇಕು? ಎಷ್ಟು ಸಲ ಆಡಬೇಕು? ಸೋತವರನ್ನು ಯಾವಾಗ ಮನೆಗೆ ಕಳಿಸಬೇಕು? ಎಲ್ಲಾ ಮುಗಿದ ಮೇಲೆ, ಗೆದ್ದವರು ಇಂಥವರೇ ಎಂದು ಹೇಳುವ ಅಧಿಕಾರ ಯಾರಿಗಿದೆ?

ಕಾಕಾ ನನ್ನ ಅಪ್ಪನ ತಮ್ಮ. ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಪಿ.ಟಿ. ಮಾಸ್ತರು. ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ, ಜೇಬಿನಲ್ಲಿ ಸದಾ ಎರಡು ತುಂಡು ಸುಣ್ಣದ ಬಳಪ. ಆ ಬಳಪ ಮೈದಾನಕ್ಕಲ್ಲ, ಗೋಡೆಗೆ. ಎಲ್ಲಿ ಖಾಲಿ ಗೋಡೆ ಕಂಡರೂ ಪಂದ್ಯಾವಳಿಯ ನಕ್ಷೆ ಬರೆಯುವುದು ಅವರ ಚಟ. ಆರು ಕಾಲೇಜಿನ ಹೆಸರು ಎಡಕ್ಕೆ, ಅಲ್ಲಿಂದ ಗೆರೆಗಳು ಕೂಡುತ್ತ ಕೂಡುತ್ತ ಬಲಕ್ಕೆ ಒಂದೇ ಗೆರೆ. ಅಡಿಗೆ ಮನೆಯ ಗೋಡೆಯನ್ನೂ ಬಿಟ್ಟಿರಲಿಲ್ಲ. ಒಮ್ಮೆ ಅವರ ಹೆಂಡತಿ, ನಮ್ಮ ಕಾಕು, ರೊಟ್ಟಿ ಬಡಿಯುತ್ತ ಆ ನಕ್ಷೆಯನ್ನು ನೋಡಿ ಕೇಳಿದಳು.

"ಈ ಎರಡು ಕಾಲೇಜಿನ ಮುಂದ ಯಾರ ಹೆಸರೂ ಇಲ್ಲಲ್ರಿ. ಇವ್ರು ಯಾರ ಜೋಡಿ ಆಡ್ತಾರ?"

"ಯಾರ ಜೋಡೀನೂ ಇಲ್ಲ. ಆಡದೇ ಮುಂದಿನ ಸುತ್ತಿಗಿ ಹೋಗ್ತಾರ. ಅದಕ್ಕ 'ಬೈ' ಸಿಕ್ಕದ ಅಂತಾರ."

"ಬೈ ಬೇಕಾದ್ರ ಪಂದ್ಯ ಅಂತ ಹುಮನಾಬಾದಿಗಿ ಯಾಕ ಹೋಗ್ತೀರಿ?" ಎಂದಳು ಕಾಕು. "ಇಲ್ಲೇ ಕೂಡ್ರಿ, ನಾನೇ ಬೈತೀನಿ!"

ಕಾಕಾನಿಗೆ ಈ ಹುಚ್ಚು ಹತ್ತಿದ ದಿನ ನನಗೆ ಗೊತ್ತು. ಏಕೆಂದರೆ ಆ ದಿನ ಸೋತ ತಂಡದಲ್ಲಿ ನಾನೂ ಇದ್ದೆ. ಆಗ ನಮ್ಮ ಕಾಲೇಜುಗಳೆಲ್ಲ ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ನಮ್ಮ ವಲಯದ ಪಂದ್ಯಗಳು ಹುಮನಾಬಾದಿನಲ್ಲಿ. ಗೆದ್ದ ಒಂದೇ ತಂಡಕ್ಕೆ ಧಾರವಾಡಕ್ಕೆ ಹೋಗುವ ಭಾಗ್ಯ. ಪದ್ಧತಿ ನಾಕೌಟ್, ಅಂದರೆ ಒಮ್ಮೆ ಸೋತರೆ ಮುಗಿಯಿತು. ನಾವು ಹೊರಟ ಬಸ್ಸು ನಡುದಾರಿಯಲ್ಲಿ ಪಂಕ್ಚರ್ ಆಯಿತು. ತಲುಪುವಷ್ಟರಲ್ಲಿ ಅಂಪೈರು ಗಡಿಯಾರ ನೋಡುತ್ತ ನಿಂತಿದ್ದರು. ಬಸ್ಸಿನಿಂದ ಇಳಿದವರು ನೇರ ಅಂಕಣಕ್ಕೆ ಇಳಿದೆವು. ಎದುರಿಗೆ ಹುಮನಾಬಾದಿನ ತಂಡ. ಎರಡೂ ಗೇಮ್ ಸೋತು ಹೊರಬಂದಾಗ ನಮ್ಮನ್ನು ಕರೆತಂದ ಕಂಡಕ್ಟರು ಸ್ಟ್ಯಾಂಡಿನಲ್ಲಿ ಇನ್ನೂ ಚಹಾ ಕುಡಿಯುತ್ತಿದ್ದ. ಅದೇ ಬಸ್ಸಿನಲ್ಲಿ ವಾಪಸ್!

ಬಸ್ಸು ಹತ್ತುವ ಮೊದಲು ಕಾಕಾ ಹುಮನಾಬಾದಿನ ಪಿ.ಟಿ. ಮಾಸ್ತರರನ್ನು ಹಿಡಿದು ನಿಲ್ಲಿಸಿದರು. ಅವರು ಗುಂಡನೆಯ, ನಗುಮುಖದ, ಎಲೆ ಅಡಿಕೆಯ ಮನುಷ್ಯ. ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು.

"ಇದು ಆಟ ಅಲ್ರಿ ಹುಮನಾಬಾದ್, ಫಾಶಿ ಶಿಕ್ಷಾ! ಒಂದೇ ಏಟಿಗಿ ಖಲಾಸ್ ಮಾಡಿಬಿಡ್ತೀರಲ್ಲ, ಇದೇನು ಇನ್ಸಾಫ್?"

"ನಿಮ್ಮ ಹುಡುಗ್ರು ಒಂದು ತಾಸು ಲಗೂ ಬಂದಿದ್ರ ಒಂದು ತಾಸು ಲಗೂ ಸೋಲ್ತಿದ್ರು, ಕಲ್ಯಾಣ! ಅಷ್ಟೇ ಫರಕು!"

ಅವತ್ತಿನಿಂದ ಕಾಕಾ ವ್ಹಾಲಿಬಾಲ್ ಕಲಿಸುವುದನ್ನು ಬಹುತೇಕ ಬಿಟ್ಟರು; ಪದ್ಧತಿ ಬದಲಿಸಲು ಶುರು ಮಾಡಿದರು.

ಮೊದಲು ಬಂದದ್ದು ಲೀಗ್. ಎಲ್ಲರೂ ಎಲ್ಲರ ಜೊತೆ ಆಡಬೇಕು. ಒಂದು ದಿನ ಪಂಕ್ಚರ್ ಆದರೂ ಇನ್ನೊಂದು ದಿನ ಗಾಳಿ ಇರುತ್ತದೆ ಎಂಬ ತರ್ಕ. ಕೇಳಲು ಎಷ್ಟು ಚಂದ! ವಲಯದ ಸಭೆಯಲ್ಲಿ ಕಾಕಾ ಎರಡು ತಾಸು ಮಾತಾಡಿದರು. ಉಳಿದವರು ಊಟಕ್ಕೆ ತಡವಾಗುತ್ತದೆಂದು ಒಪ್ಪಿದರು. ಆರು ತಂಡ, ಹದಿನೈದು ಪಂದ್ಯ. ಕಾಕಾನಿಗೆ ಅದೂ ಸಾಲಲಿಲ್ಲ. ಒಮ್ಮೆ ಅವರ ಊರಲ್ಲಿ, ಒಮ್ಮೆ ಇವರ ಊರಲ್ಲಿ ಆಡದಿದ್ದರೆ ನ್ಯಾಯ ಎಲ್ಲಿ ಉಳಿಯಿತು? ಮೂವತ್ತು ಪಂದ್ಯ!

ಪಂದ್ಯಾವಳಿ ಶುರುವಾದಾಗ ತೊಗರಿ ಹೂ ಬಿಟ್ಟಿತ್ತು. ತೊಗರಿ ಕೊಯ್ದು, ಬಡಿದು, ಚೀಲ ತುಂಬಿದರೂ ಪಂದ್ಯಾವಳಿ ಮುಗಿಯಲಿಲ್ಲ. ನಡುವೆ ಪರೀಕ್ಷೆ ಬಂದು ಹೋಯಿತು. ಕೊನೆಗೆ ನೋಡಿದರೆ ಮೂರು ತಂಡಗಳ ಗೆಲುವು ಸಮ ಸಮ! ಕಾಕಾ ಪ್ರತಿ ಗೇಮಿನ ಪಾಯಿಂಟು ಕೂಡಿಸಿ, ಕಳೆದು, ಭಾಗಿಸಿ, ಮನೆಯ ಹೊರಗಿನ ಗೋಡೆಯನ್ನೂ ಮುಗಿಸಿ, ಪಕ್ಕದ ಮನೆಯವರ ಗೋಡೆಗೆ ದಾಟಿದರು. ಗೆದ್ದವರು ಹಳ್ಳಿಖೇಡದ ಕಡೆಯ ತಂಡ ಎಂದು ತೀರ್ಮಾನಿಸಿ ಅದರ ನಾಯಕನಿಗೆ ಕಾರ್ಡು ಬರೆದರು. ಉತ್ತರವೂ ಬಂತು. "ಸರ್, ನನ್ನ ಲಗ್ನ ಆಗಿ ಕಾಲೇಜು ಬಿಟ್ಟು ಎರಡು ತಿಂಗಳಾಯಿತು. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದೇನೆ. ಧಾರವಾಡಕ್ಕೆ ಯಾವಾಗ ಹೋಗಬೇಕು?"

ಧಾರವಾಡದ ಪಂದ್ಯಗಳು ಮುಗಿದು ಅಲ್ಲಿಯವರು ಕಪ್ಪನ್ನು ತೊಳೆದು ಬೀರುವಿನಲ್ಲಿಟ್ಟೂ ಆಗಿತ್ತು!

ಮರುವರ್ಷ ಕಾಕಾ ನಡುದಾರಿ ಹುಡುಕಿದರು. ಒಮ್ಮೆ ಸೋತವರು ಹೊರಗಲ್ಲ, ಎರಡು ಸಲ ಸೋತವರು ಹೊರಗೆ. ಮೊದಲ ಸಲ ಸೋತವರೆಲ್ಲ ಬೇರೆ ಸಾಲಿನಲ್ಲಿ ತಮ್ಮತಮ್ಮೊಳಗೆ ಆಡಿ, ಅವರಲ್ಲಿ ಗಟ್ಟಿಯಾದವರು ಫೈನಲ್ಲಿಗೆ ಬರಬಹುದು. ಈ ಸಲ ನಮ್ಮ ಅದೃಷ್ಟ ನೋಡಿ: ನಾವು ಮೊದಲ ಪಂದ್ಯದಲ್ಲೇ ಹುಮನಾಬಾದಿಗೆ ಸೋತು, ಸೋತವರ ಸಾಲಿನಲ್ಲಿ ಎಲ್ಲರನ್ನೂ ಹೊಡೆದು ಫೈನಲ್ ತಲುಪಿದೆವು. ಎದುರಿಗೆ ಮತ್ತೆ ಹುಮನಾಬಾದ್. ಗೆದ್ದೂಬಿಟ್ಟೆವು!

ಮುಖ್ಯ ಅತಿಥಿಗಳು ವಯಸ್ಸಾದ ವಕೀಲರು. ಹಾರ ಹಾಕಿಸಿಕೊಂಡು, ಭಾಷಣ ಮಾಡಿ, ಕಪ್ಪು ನಮ್ಮ ಕೈಗಿಟ್ಟರು. ನಾವು ಅದನ್ನು ತಲೆಯ ಮೇಲೆತ್ತಿ ಕುಣಿಯುತ್ತಿರುವಾಗ ಹುಮನಾಬಾದಿನ ಮಾಸ್ತರರು ಎಲೆ ಉಗುಳಿ ಎದ್ದು ನಿಂತರು.

"ಕಲ್ಯಾಣ, ಜರಾ ತಡೀರಿ. ನಿಮ್ಮ ಕಾನೂನಿನ ಪ್ರಕಾರ ಎರಡು ಸಲ ಸೋತವ್ರು ಹೊರಗ. ನಾವು ಇವತ್ತ ಸೋತಿದ್ದು ಮೊದಲ್ನೇ ಸಲ. ಹೌದಲ್ರಿ?"

ಕಾಕಾನ ಮುಖ ನೋಡಬೇಕಿತ್ತು! ಅವರು ಬೇಕಾದರೆ ಕೇಳಿಸಿಲ್ಲ ಎನ್ನಬಹುದಿತ್ತು. ಕಪ್ಪು ನಮ್ಮ ಕೈಯಲ್ಲೇ ಇತ್ತಲ್ಲ? ಆದರೆ ಕಾನೂನು ಅವರದೇ ಮಗು. ಸೀದಾ ಬಂದು ನನ್ನ ಕೈಯಿಂದ ಕಪ್ಪು ಕಸಿದುಕೊಂಡರು. "ಬರೋಬ್ಬರಿ ಅದ. ಇನ್ನೊಂದು ಫೈನಲ್ ಆಡಬೇಕು" ಎಂದು ಅದನ್ನು ವಕೀಲರಿಗೆ ವಾಪಸ್ ಕೊಟ್ಟರು. ಆ ಹಿರಿಯರು ಗಾಬರಿಯಾಗಿ ಕೇಳಿದರು: "ಹಂಗಾದ್ರ ನನ್ನ ಭಾಷಣಾನೂ ಮತ್ತೊಮ್ಮಿ ಮಾಡ್ಬೇಕೇನ್ರಿ?"

ಎರಡನೆಯ ಫೈನಲ್ಲಿನಲ್ಲಿ ನಾವು ಸೋತೆವು. ಭಾಷಣವೂ ಎರಡನೆಯ ಸಲ ಆಯಿತು, ಮೊದಲಿಗಿಂತ ಉದ್ದ!

ಇಷ್ಟಕ್ಕೆ ಸುಮ್ಮನಾಗುವ ಆಸಾಮಿಯೇ ಅವರು? ಒಂದು ದಿನ ಮಾಣಿಕನಗರದ ಅಂಗಡಿಯಲ್ಲಿ ಕಾಕಾ ಖಾರಾ ಕಟ್ಟಿಸಿಕೊಂಡರು. ಕಟ್ಟಿದ ಕಾಗದ ಯಾವುದೋ ಇಂಗ್ಲಿಷ್ ಪತ್ರಿಕೆಯ ನುಣುಪು ಹಾಳೆ. ಖಾರಾ ನಮಗೆ ಸಿಕ್ಕಿತು, ಕಾಗದ ಅವರಿಗೆ. ಅದರಲ್ಲಿ ಅಮೆರಿಕದ ಕಾಲೇಜುಗಳ ಆಟದ ಸುದ್ದಿ.

"ನೋಡೋ ಮಗನ," ಎಂದು ನನಗೆ ಓದಿ ಹೇಳಿದರು, "ಅಲ್ಲಿ ಫುಟ್‌ಬಾಲ್ ಅಂತಾರ, ಆದ್ರ ಚೆಂಡು ಬಗಲಾಗ ಹಿಡಕೊಂಡು ಓಡ್ತಾರ. ಇರ್ಲಿ, ಅವ್ರ ದೇಶ. ವರ್ಷದ ಆಟ ಮುಗದ ಮ್ಯಾಲ ಊರೂರಿಗಿ ಒಂದೊಂದು 'ಬೌಲ್', ಅಂದ್ರ ಬೋಗುಣಿ ಪಂದ್ಯ ಇಡ್ತಾರಂತ. ಒಂದು ಹೂವಿನ ಹೆಸರಿಂದು, ಒಂದು ಕಿತ್ತಳಿ ಹಣ್ಣಿಂದು, ಒಂದು ಸಕ್ಕರಿದು! ಆದ್ರ ದೇಶಕ್ಕೆಲ್ಲ ದೊಡ್ಡವ್ರು ಯಾರು ಅಂತ ಹ್ಯಾಂಗ ಫೈಸಲಾ ಮಾಡ್ತಾರ ಗೊತ್ತೇನು? ವೋಟು ಹಾಕಿ!"

"ಆಡೋದು ಬಿಟ್ಟು ವೋಟು ಹಾಕ್ತಾರ?" ಎಂದೆ.

"ಆಡಿದ ಮ್ಯಾಲ! ಬಲ್ಲವ್ರು ಕೂತು ಯಾರು ಚಲೋ ಆಡಿದ್ರು ಅಂತ ವೋಟು ಹಾಕ್ತಾರ. ಎಷ್ಟು ಅಕ್ಕಲ್ ನೋಡು!"

ಹಾಳೆ ಅಲ್ಲಿಗೇ ಹರಿದಿತ್ತು. ಆ ಪದ್ಧತಿಯಿಂದ ಅಮೆರಿಕದಲ್ಲಿ ಎಷ್ಟು ಜಗಳವಾಗುತ್ತಿತ್ತು ಎಂಬುದು ಉಳಿದ ಅರ್ಧದಲ್ಲಿತ್ತೇನೋ. ಅದರಲ್ಲಿ ಅಂಗಡಿಯವನು ಇನ್ನಾರಿಗೋ ಖಾರಾ ಕಟ್ಟಿಕೊಟ್ಟಿದ್ದ!

ದೀಪಾವಳಿ ರಜೆಯಲ್ಲಿ ಕಾಕಾ ನಮ್ಮೂರಲ್ಲೇ ಬೋಗುಣಿ ಪಂದ್ಯ ಇಟ್ಟರು. ಹಳ್ಳಿಗಳಿಗೂ ಆಹ್ವಾನ. ಬಹುಮಾನಕ್ಕೆ ಕಾಕುವಿನ ತವರಿನ ಹಿತ್ತಾಳೆಯ ಬೋಗುಣಿ, ಅವಳನ್ನು ಕೇಳದೆ! ನಾಲ್ಕು ತಂಡ ಬಂದವು, ದಿನವಿಡೀ ಆಡಿದವು. ಸಂಜೆ ಊರಿಗೊಬ್ಬರಂತೆ ಐದು ಜನ ಹಿರಿಯರು ಚೀಟಿ ಬರೆದು ಡಬ್ಬಿಗೆ ಹಾಕಿದರು. ಕಾಕಾ ಗಂಭೀರವಾಗಿ ಒಂದೊಂದೇ ಬಿಚ್ಚಿ ಓದಿದರು. ಕಲ್ಯಾಣಕ್ಕೆ ಒಂದು. ಹುಮನಾಬಾದಿಗೆ ಒಂದು. ಹಳ್ಳಿಖೇಡಕ್ಕೆ ಒಂದು. ಮಾಣಿಕನಗರಕ್ಕೆ ಒಂದು. ಐದನೆಯದು ಮೋರಖಂಡಿಗೆ!

"ಗೌಡ್ರ," ಎಂದರು ಕಾಕಾ ಮೋರಖಂಡಿಯ ಹಿರಿಯರಿಗೆ, "ನಿಮ್ಮ ಊರಿನ ಟೀಮು ಬಂದೇ ಇಲ್ಲಲ್ರಿ!"

"ಬಂದಿಲ್ಲ, ಹೌದ್ರಿ. ಬಂದಿದ್ರ ಗೆಲ್ತಿತ್ತೋ ಇಲ್ಲೋ, ಅದು ಹೇಳ್ರಿ."

ಕಾಕಾ ಡಬ್ಬಿ ಮುಚ್ಚಿದರು. ಬೋಗುಣಿ ಯಾರಿಗೂ ಸಿಗಲಿಲ್ಲ ಎನ್ನುವಂತಿಲ್ಲ. ಹುಡುಕಿಕೊಂಡು ಮೈದಾನಕ್ಕೇ ಬಂದ ಕಾಕು ಅದನ್ನು ಎತ್ತಿಕೊಂಡು ಮನೆಗೆ ಹೋದಳು. ಅವಿರೋಧ ಆಯ್ಕೆ!

ವರ್ಷಗಳು ಹೀಗೇ ಕಳೆದವು. ನಾನು ಓದು ಮುಗಿಸಿ ಅದೇ ಊರಿನಲ್ಲಿ ಶಾಲೆಯ ಮಾಸ್ತರನಾದೆ. ಕಾಲೇಜುಗಳು ಧಾರವಾಡದಿಂದ ಬಿಡಿಸಿಕೊಂಡು ಗುಲಬರ್ಗಾದ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದವು. ವಲಯಗಳನ್ನು ಹೊಸದಾಗಿ ಹಂಚಿದರು. ಹಂಚಿಕೆಯಲ್ಲಿ ಬಸವಕಲ್ಯಾಣ ಒಂದು ಗುಂಪಿಗೆ, ಹುಮನಾಬಾದ್ ಇನ್ನೊಂದಕ್ಕೆ ಬಿತ್ತು. ಮುಂದೆ ಎರಡೂ ತಂಡಗಳು ಎದುರಾಗಬೇಕೆಂದರೆ ಇಬ್ಬರೂ ಗುಲಬರ್ಗಾದವರೆಗೆ ಗೆದ್ದು ಹೋಗಬೇಕು. ನಾವು ಅಷ್ಟು ದೂರ ಹೋಗುವುದು ಟಿಕೆಟ್ ತೆಗೆಸಿದರೆ ಮಾತ್ರ!

ನಾನು ಕಾಕಾ ಕುಣಿಯುತ್ತಾರೆ ಎಂದುಕೊಂಡಿದ್ದೆ. ನಮ್ಮನ್ನು ಇಷ್ಟು ವರ್ಷ ಸೋಲಿಸಿದವರ ಕಾಟವೇ ತಪ್ಪಿತಲ್ಲ? ಕಾಕಾ ನೋಡಿದರೆ ತಾಟಿನ ಮುಂದೆ ರೊಟ್ಟಿ ಮುರಿಯದೆ ಕೂತಿದ್ದರು.

"ಯಾಕ್ರಿ, ಪಲ್ಯಾ ಸೇರವಲ್ದೇನು?" ಎಂದಳು ಕಾಕು.

"ಇನ್ನ ನಾ ಯಾರ ಜೋಡಿ ಜಗಳಾಡ್ಲಿ?" ಎಂದರು ಕಾಕಾ.

ಅದಾಗಿ ಎರಡನೆಯ ವರ್ಷವೋ ಏನೋ, ಬಸ್ಸಿನ ಕಂಡಕ್ಟರೊಬ್ಬ ಸುದ್ದಿ ತಂದ. ಹುಮನಾಬಾದಿನ ಮಾಸ್ತರರಿಗೆ ಲಕ್ವಾ ಹೊಡೆದಿದೆ, ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತು ತೊದಲುತ್ತಿದೆ, ಊಟ ಬೇಡ ಔಷಧ ಬೇಡ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಮುಂದಿನ ಭಾನುವಾರ ಕಾಕಾ ನಮ್ಮಂಥ ಹಳೆಯ ಎಂಟು ಜನ ಆಟಗಾರರನ್ನು ಕೂಡಿಸಿಕೊಂಡು ಬಸ್ಸು ಹತ್ತಿಸಿದರು. ಹುಮನಾಬಾದಿನಲ್ಲಿ ಅವರ ಹಳೆಯ ಆರು ಜನ ಸಿಕ್ಕರು. ಮಾಸ್ತರರ ಮನೆಯ ಮುಂದಿನ ಬಯಲಿನಲ್ಲಿ ನೆಟ್ಟು ಕಟ್ಟಿದೆವು. ಅವರನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿ, ಪಕ್ಕಕ್ಕೆ ತಲೆದಿಂಬು ಒತ್ತಿ, ಎಡಗೈಗೆ ಸೀಟಿ ಕೊಟ್ಟರು ಕಾಕಾ. "ನೀವೇ ಅಂಪೈರು. ಮೂರು ಗೇಮು. ಕಾನೂನು ಎಲ್ಲಾ ಹಳೇವೇ."

ಮೊದಲ ಗೇಮ್ ನಾವು ಗೆದ್ದೆವು, ಎರಡನೆಯದು ಅವರು. ಮೂರನೆಯದರಲ್ಲಿ ನಾವು ಮುಂದಿರುವಾಗ ಕಾಕಾ ಅಂಕಣದೊಳಗೆ ನುಗ್ಗಿ ಚೆಂಡು ಹಿಡಿದುಕೊಂಡರು. "ಬಸ್ಸಿನ ಟೈಮ್ ಆತು. ನಡೀರಿ."

ಬಸ್ಸಿಗೆ ಇನ್ನೂ ಒಂದು ತಾಸಿತ್ತು!

ಮುಂದಿನ ಭಾನುವಾರವೂ ಹಾಗೆಯೇ. ಅದರ ಮುಂದಿನದೂ. ನಾವು ಮೊದಲ ಗೇಮ್ ಗೆದ್ದರೆ ಎರಡನೆಯದಕ್ಕೆ ಕಾಕಾ ಚಲೋ ಆಡುವವರನ್ನು ಹೊರಗೆ ಕೂರಿಸಿ ಸೋಲಿಸುತ್ತಿದ್ದರು. ಮೂರನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಏನಾದರೊಂದು ನೆಪ: ಬಸ್ಸು, ಬಿಸಿಲು, ಚೆಂಡಿನ ಗಾಳಿ. ಐದನೆಯ ಭಾನುವಾರ ನನಗೆ ಸಿಟ್ಟು ನೆತ್ತಿಗೇರಿತು. "ಏನಿದು ಕಾಕಾ, ಒಮ್ಮೆರ ಫೈಸಲಾ ಆಗ್ಲಿ ಬಿಡ್ರಿ!" ಎಂದು ಎಲ್ಲರೆದುರು ಕೂಗಿದೆ.

ನೀರು ತಂದಿದ್ದ ಮಾಸ್ತರರ ಮಗಳು ಮೆಲ್ಲಗೆ ನನಗೆ ಹೇಳಿದಳು: "ಕೂಗಬ್ಯಾಡ್ರಿ ಅಣ್ಣಾ. ಈಗ ಅಪ್ಪ ಊಟಾ ಮಾಡಾಕತ್ತಾರ. ಐತವಾರ ಅಂದ್ರ ನಸುಕಿನ್ಯಾಗ ಎದ್ದು ಬಿಳೀ ಅಂಗಿ ಕೇಳ್ತಾರ. ಕಲ್ಯಾಣದ್ದು ಮೂರನೇ ಗೇಮ್ ಬಾಕಿ ಅದ ಅಂತಾರ."

ನಾನು ತಿರುಗಿ ನೋಡಿದೆ. ಕಾಕಾ ಕುರ್ಚಿಯ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಗೆಳೆಯನ ಬಿಚ್ಚಿಹೋದ ಅಂಗಿಯ ಗುಂಡಿ ಹಾಕುತ್ತಿದ್ದರು. ಹುಮನಾಬಾದಿನ ಮಾಸ್ತರರು ಸೊಟ್ಟ ಬಾಯಿಯಲ್ಲಿ ನಗುತ್ತ, ಎಡಗೈಯ ಮೂರು ಬೆರಳು ಎತ್ತಿ ಏನೋ ತೊದಲಿದರು.

"ಹೌದ್ರಿ ಹುಮನಾಬಾದ್, ಮೂರನೇದು ಮುಂದಿನ ಐತವಾರ ಆಡೋಣು," ಎಂದರು ಕಾಕಾ. "ಅಲ್ಲೀತನಕ ಎಲ್ಲಿಗೂ ಹೋಗಬ್ಯಾಡ್ರಿ ಮತ್ತ."